ಬಾಲ್ಯವೂ ಪರಸ್ಥಳವಾಸವೂ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಗಾದೆಯನ್ನು ಕೇಳಿರದ ಮನೆಯು ಕನ್ನಡನಾಡಿನಲ್ಲಿ ವಿರಳವು. ಊರು ಬಿಟ್ಟು ನಾಲ್ಕು ಕಡೆ ತಿರುಗಿದವನು ಬುದ್ಧಿವಂತನಾಗುವನೆಂದೂ, ಮನೆಯ ಮೆಟ್ಟಿಲಿಳಿಯದವನು ಬಾವಿಯ ಕಪ್ಪೆಯಾಗಿಯೇ ಉಳಿಯುವನೆಂದೂ ಹಿರಿಯರು ಅದರ ತಾತ್ಪರ್ಯವನ್ನು ಹೇಳುವುದುಂಟು. ಆದರೆ ಈ ಮಾತು ಯಾರನ್ನು ಕುರಿತದ್ದೆಂಬುದನ್ನು ಸ್ವಲ್ಪ ವಿಚಾರಿಸಬೇಕು. ‘ಸುತ್ತು’, ‘ನೋಡು’ ಎಂಬ ಆಜ್ಞೆಗಳೆರಡೂ ಪ್ರಾಯಪ್ರಬುದ್ಧನಾದ ಸ್ವತಂತ್ರ ಮನುಷ್ಯನಿಗೆ ಸಲ್ಲತಕ್ಕವು. ಅವನು ತನ್ನಿಚ್ಛೆಯಿಂದ ಹೊರಡುವನು. ಬೇಡವೆನಿಸಿದರೆ ತಿರುಗಿ ಬರುವನು. ಮಗುವಾದರೋ ದೇಶವನ್ನು ಸುತ್ತುವುದಿಲ್ಲ, ಅದು ಒಯ್ಯಲ್ಪಡುತ್ತದೆ. ತಂದೆಯ ಉದ್ಯೋಗ, ತಾಯಿಯ ವೈಧವ್ಯ, ಶಾಲೆಯ ದೂರ, ಮನೆಯ ಬಡತನ, ಇವುಗಳಲ್ಲಿ ಯಾವುದೋ ಒಂದು ಅದನ್ನು ಹುಟ್ಟಿದ ಅಂಗಳದಿಂದ ಎತ್ತಿಕೊಂಡು ಹೋಗಿ ಕಾಣದ ಅಂಗಳದಲ್ಲಿ ಇಳಿಸುತ್ತದೆ. ಹೀಗೆ ಇಳಿಸಲ್ಪಟ್ಟ ಮಗುವು ಅಲ್ಲಿ ಬೆಳೆಯುವುದೋ, ಬಾಡುವುದೋ? ಬೆಳೆದರೆ ಆ ಬೆಳವಣಿಗೆಯ ಶ್ರೇಯಸ್ಸು ಯಾರಿಗೆ ಸಲ್ಲಬೇಕು? ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯು ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಬಹಳ ತಕ್ಕ ಸ್ಥಳವು. ಏತಕ್ಕೆಂದರೆ, ಮೂಡಲಲ್ಲಿ ಘಟ್ಟ, ಪಡುವಲಲ್ಲಿ ಕಡಲು, ನಡುವೆ ಇಕ್ಕಟ್ಟಾದ ಗದ್ದೆಬಯಲು ಇರುವ ಈ ನೆಲವು ತಲೆತಲಾಂತರದಿಂದ ತನ್ನ ಮಕ್ಕಳನ್ನು ಹೊರಗೆ ಕಳುಹಿಸುತ್ತಲೇ ಬಂದಿದೆ.

ಮೊದಲು ಲಾಭದ ಪಕ್ಷವನ್ನು ನೋಡೋಣ. ಒಂದೇ ಊರಿನಲ್ಲಿ ಬೆಳೆಯುವ ಮಗುವಿಗೆ ತನ್ನ ಮನೆಯ ಪದ್ಧತಿಯು ಒಂದು ಪದ್ಧತಿಯೆಂದು ತೋರುವುದೇ ಇಲ್ಲ. ಅದೇ ಲೋಕವೆಂದು ತೋರುತ್ತದೆ. ಗಂಜಿಯೂಟವಿಲ್ಲದ ಬೆಳಗು, ಮಳೆಯಿಲ್ಲದ ಆಷಾಢ, ಕಡಲಿನ ಮೊರೆತವು ಕೇಳದ ರಾತ್ರಿ ಇರಬಹುದೆಂಬುದು ಅದರ ಊಹೆಗೆ ಬಾರದು. ಪರಸ್ಥಳಕ್ಕೆ ಹೋದ ಮಗುವಿಗೆ ದೊರಕುವ ಮೊದಲನೆಯ ವಿದ್ಯೆಯು ಇದೇ: ತನ್ನದು ಹಲವುಗಳಲ್ಲಿ ಒಂದು. ಈ ವಿದ್ಯೆಗೆ ಬಹುದೂರದ ಪಯಣವೂ ಬೇಕಿಲ್ಲ. ಪಂಚಗಂಗಾವಳಿಯ ಹೊಳೆಯನ್ನು ದಾಟಿ ಗಂಗೊಳ್ಳಿಯಿಂದ ಕುಂದಾಪುರಕ್ಕೆ ಬರುವುದು ದೊಡ್ಡವರಿಗೆ ಒಂದು ದೋಣಿಯ ಪ್ರಯಾಣ. ಮೊದಲ ದಿನ ಶಾಲೆಗೆ ಬರುವ ಮಗುವಿಗೆ ಅದು ಸಮುದ್ರೋಲ್ಲಂಘನವೇ ಸರಿ. ಶಿರೂರಿನಲ್ಲಿ ನವಾಯತಿ, ಗಂಗೊಳ್ಳಿಯಲ್ಲಿ ಕೊಂಕಣಿ, ಬ್ರಹ್ಮಾವರದ ಸುತ್ತಲೂ ಕನ್ನಡದ ಮಗ್ಗುಲಲ್ಲಿ ತುಳು ಇರುವ ಈ ಸೀಮೆಯಲ್ಲಿ ಕೆಲವೇ ಮೈಲಿಗಳೊಳಗೆ ಬೀದಿಯ ಮಾತೇ ಬದಲಾಗುವುದುಂಟು.

ಮಾತಿನ ವಿಷಯದಲ್ಲಿ ಈ ಲಾಭವು ಅತ್ಯಂತ ಸ್ಪಷ್ಟವಾಗಿ ತೋರುತ್ತದೆ. ಕುಂದಾಪುರದ ಕಡೆಯ ಹುಡುಗನು ಮೈಸೂರಿಗೋ ಬೆಂಗಳೂರಿಗೋ ಹೋಗಿ ‘ಹೋಪುದು’, ‘ಬಪ್ಪುದು’ ಎಂದು ಬಾಯಿತೆರೆದೊಡನೆ ಸಹಪಾಠಿಗಳು ನಗುತ್ತಾರೆ. ಅವನು ಮೊದಲು ನಾಚಿ ಬಾಯಿ ಮುಚ್ಚಿಕೊಳ್ಳುವನು. ತರುವಾಯ ಅವರಂತೆಯೇ ಆಡಲು ಕಲಿತುಕೊಳ್ಳುವನು. ಮುಂದೆ ಎಂದಾದರೊಂದು ದಿನ ಹಳೆಯ ಕಾವ್ಯಗಳನ್ನು ತೆರೆದಾಗ, ಕುಮಾರವ್ಯಾಸನ ಕಾಲದ ಕಾವ್ಯಭಾಷೆಯಲ್ಲಿ ‘ಬಪ್ಪ’, ‘ಹೋಪ’ ಎಂಬ ರೂಪಗಳು ಗೌರವದಿಂದ ಕುಳಿತಿರುವುದನ್ನು ಕಂಡು ಅವನಿಗೆ ಆಶ್ಚರ್ಯವಾಗುತ್ತದೆ. ನಗೆಗೀಡಾದ ಮಾತು ಕೆಟ್ಟ ಕನ್ನಡವಲ್ಲ, ಅಜ್ಜಿಯ ಬಾಯಲ್ಲಿ ಸವೆಯದೆ ಉಳಿದ ಹಳೆಯ ಕನ್ನಡ ಎಂಬುದು ಅವನಿಗೆ ಆಗ ತಿಳಿಯುವುದು. ಊರಿನಲ್ಲಿಯೇ ಉಳಿದಿದ್ದರೆ ಈ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ, ಉತ್ತರವೂ ದೊರೆಯುತ್ತಿರಲಿಲ್ಲ. ಪರಸ್ಥಳವು ಪರರನ್ನು ಪರಿಚಯ ಮಾಡಿಕೊಡುವುದಕ್ಕಿಂತ ಹೆಚ್ಚಾಗಿ ಸ್ವಸ್ಥಳವನ್ನೇ ಪರಿಚಯ ಮಾಡಿಕೊಡುತ್ತದೆಂದರೆ ತಪ್ಪಾಗದು.

ಇದಕ್ಕೆ ದೊಡ್ಡ ಹೆಸರುಗಳ ಸಾಕ್ಷ್ಯವೂ ಉಂಟು. ೧೯೦೨ರಲ್ಲಿ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ಓದಿಗಾಗಿ ಕುಂದಾಪುರಕ್ಕೂ ಅನಂತರ ಮಂಗಳೂರಿಗೂ ಹೋದರು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನು ತೊರೆದು, ಮುಂದೆ ಪುತ್ತೂರಿನಲ್ಲಿ ನೆಲೆಸಿದರು. ಆದರೆ ಕೋಟದ ಕಡಲಂಚಿನ ಬಾಳನ್ನು ಅವರಂತೆ ವಿವರವಾಗಿ ಬರೆದಿಟ್ಟವರು ಬೇರೊಬ್ಬರಿಲ್ಲ. ೧೯೧೮ರಲ್ಲಿ ಮೊಗೇರಿಯಲ್ಲಿ ಜನಿಸಿದ ಗೋಪಾಲಕೃಷ್ಣ ಅಡಿಗರು ಕುಂದಾಪುರದಲ್ಲಿ ಓದಿ ಮೈಸೂರಿಗೆ ಹೋಗಿ, ಕನ್ನಡ ಕವಿತೆಯ ಮಾರ್ಗವನ್ನೇ ಬದಲಿಸಿದರು. ಇಂತಹವರನ್ನು ಕಂಡವರು, ‘ಊರು ಬಿಟ್ಟದ್ದರಿಂದಲೇ ಇವರು ಬೆಳೆದರು, ಮಕ್ಕಳನ್ನು ಬೇಗ ಹೊರಗೆ ಕಳುಹಿಸಬೇಕು’ ಎಂದು ಸಿದ್ಧಾಂತ ಮಾಡುವುದು ಸಹಜವು.

ಈ ಸಿದ್ಧಾಂತದಲ್ಲಿ ಒಂದು ದೋಷವಿದೆ. ಬೆಳೆದವರ ಸಾಕ್ಷ್ಯವು ಮಾತ್ರ ನ್ಯಾಯಸ್ಥಾನಕ್ಕೆ ಬರುತ್ತದೆ. ಬೆಳೆಯದವರ ಸಾಕ್ಷ್ಯವು ಬರುವುದಿಲ್ಲ. ಪರಸ್ಥಳದಲ್ಲಿ ಗೆದ್ದವನು ಆತ್ಮಕಥೆಯನ್ನು ಬರೆಯುತ್ತಾನೆ, ಸನ್ಮಾನದ ಸಭೆಯಲ್ಲಿ ಬಾಲ್ಯದ ಕಷ್ಟವನ್ನು ನಗುತ್ತ ಹೇಳುತ್ತಾನೆ. ಸೋತವನು ಏನನ್ನೂ ಬರೆಯುವುದಿಲ್ಲ. ಅವನ ಕಥೆಯು ‘ಹೋದವನು ಮತ್ತೆ ಬರಲೇ ಇಲ್ಲ’ ಎಂಬ ಒಂದೇ ವಾಕ್ಯದಲ್ಲಿ ಮುಗಿದು, ತಾಯಿಯೊಡನೆಯೇ ಮಣ್ಣಾಗುತ್ತದೆ. ಒಂದು ಕಡೆಯ ಸಾಕ್ಷಿಗಳನ್ನಷ್ಟೇ ಕೇಳಿ ಬರೆದ ತೀರ್ಪು ನ್ಯಾಯವಾದ ತೀರ್ಪಾಗಲಾರದು.

ಆ ಇನ್ನೊಂದು ಕಡೆಯ ಸಾಕ್ಷ್ಯವು ಈ ಸೀಮೆಯ ಒಂದು ಶಬ್ದದಲ್ಲಿಯೇ ಅಡಗಿದೆ. ಕೋಟ ಕುಂದಾಪುರಗಳ ಬ್ರಾಹ್ಮಣಮನೆಗಳಲ್ಲಿ ‘ಮಾಣಿ’ ಎಂದರೆ ಹುಡುಗನು. ತಾಯಿಯು ಮಗನನ್ನು ಊಟಕ್ಕೆ ಕರೆಯುವ ಮಾತು ಅದು. ಅದರಲ್ಲಿ ಅಕ್ಕರೆಯಲ್ಲದೆ ಬೇರೆ ಅರ್ಥವಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಈ ಕರಾವಳಿಯ ಜನರು ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ಹೋಟೆಲುಗಳನ್ನು ತೆರೆದರು. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರಗೃಹವು ‘ಎಂ.ಟಿ.ಆರ್.’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಇಂತಹ ಹೋಟೆಲುಗಳ ಏಳಿಗೆಯೊಡನೆ ಊರಿನ ಬಡಮನೆಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರೂ ಹೊರಟರು. ಅವರ ಸಂಗಡ ಅವರ ಹೆಸರೂ ಹೋಯಿತು. ‘ಮಾಣಿ’ ಎಂಬುದು ಕನ್ನಡನಾಡಿನ ಪಟ್ಟಣಗಳಲ್ಲಿ ತಿಂಡಿ ತಂದಿಡುವ ಆಳು ಎಂಬ ಅರ್ಥವನ್ನು ಪಡೆಯಿತು. ಮಗನನ್ನು ಕರೆಯುವ ಮಾತು ಆಳನ್ನು ಕೂಗುವ ಮಾತಾಯಿತು. ಆ ಹುಡುಗನು ಊರಿನಲ್ಲಿ ಕೇಳುತ್ತಿದ್ದ ಶಬ್ದವನ್ನೇ ಪರಸ್ಥಳದಲ್ಲಿಯೂ ದಿನಕ್ಕೆ ನೂರು ಬಾರಿ ಕೇಳಿದನು. ಆದರೆ ಕರೆದವರು ಅವನು ಉಂಡನೋ ಇಲ್ಲವೋ ಎಂದು ಕೇಳುವುದಕ್ಕಾಗಿ ಕರೆಯಲಿಲ್ಲ.

ಅವರಲ್ಲಿ ಕೆಲವರು ಮೇಲೆ ಬಂದರು. ಸ್ವಂತ ಹೋಟೆಲು ಕಟ್ಟಿದವರೂ ಉಂಟು. ಮುಂಬಯಿಯಲ್ಲಿ ಕನ್ನಡಿಗರು ನಡೆಸಿದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ದುಡಿದ ಕೈಯಿಂದಲೇ ಪಾಟಿ ಹಿಡಿದು ಓದಿ, ವಕೀಲರೂ ಅಧಿಕಾರಿಗಳೂ ಆದವರುಂಟು. ೧೯೦೨ರಲ್ಲಿ ಅಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಇಂತಹ ರಾತ್ರಿಶಾಲೆಯನ್ನು ನಡೆಸಿದುವು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ಹುಡುಗರನ್ನು ಬೆಳೆಸಿದ್ದು ಮುಂಬಯಿಯೆಂಬ ಊರಲ್ಲ. ಊರಿನ ಕಷ್ಟವೂ ಅಲ್ಲ. ರಾತ್ರಿ ಎಂಟು ಗಂಟೆಗೆ ದೀಪ ಹಚ್ಚಿ ಅವರಿಗಾಗಿ ಕಾದು ಕುಳಿತ ಒಬ್ಬ ಉಪಾಧ್ಯಾಯನು. ಅದೇ ಬೀದಿಯಲ್ಲಿ, ಅದೇ ಕಷ್ಟದಲ್ಲಿ, ಆ ದೀಪದ ಬೆಳಕು ತಲುಪದ ಹುಡುಗರು ಆಳುಗಳಾಗಿಯೇ ಮುದುಕರಾದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿಯೂ ಮನೆಗೆಲಸದಲ್ಲಿಯೂ ದುಡಿಸುವುದನ್ನು ಭಾರತ ಸರಕಾರವು ನಿಷೇಧಿಸಿದ್ದು ೨೦೦೬ನೆಯ ಅಕ್ಟೋಬರ್ ೧೦ರಿಂದ. ಅಷ್ಟರಲ್ಲಿ ಮೂರು ತಲೆಮಾರುಗಳ ಬಾಲ್ಯವು ಅಲ್ಲಿ ಕರಗಿಹೋಗಿತ್ತು.

ಇನ್ನು ಹೆಣ್ಣುಮಕ್ಕಳ ಮಾತು. ಬಾಲ್ಯದಲ್ಲಿ ಊರು ಬದಲಿಸಿದವರಲ್ಲಿ ಅತ್ಯಧಿಕ ಸಂಖ್ಯೆಯವರು ಓದಲು ಹೋದ ಗಂಡುಮಕ್ಕಳಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಶಾರದಾ ಕಾಯಿದೆಯೆಂದು ಪ್ರಸಿದ್ಧವಾದ ೧೯೨೯ರ ಕಾಯಿದೆಯು ವಧುವಿನ ವಯಸ್ಸನ್ನು ಕನಿಷ್ಠ ೧೪ಕ್ಕೆ ನಿಲ್ಲಿಸುವುದಕ್ಕೆ ಮುಂಚೆ ಎಂಟು ಹತ್ತು ವರ್ಷದ ಬಾಲಿಕೆಯರೂ ಕಾಣದ ಮನೆಗೆ ಸೇರಿದವರಾಗುತ್ತಿದ್ದರು. ಅವಳೂ ಹೊಸ ಊರನ್ನು ಕಂಡಳು, ಹೊಸ ಜನರೊಡನೆ ಬಾಳಿದಳು, ಹೊಸ ಅಡಿಗೆಯನ್ನು ಕಲಿತಳು. ಆದರೆ ‘ದೇಶ ಸುತ್ತಿ ಬುದ್ಧಿವಂತಳಾದಳು’ ಎಂದು ಅವಳನ್ನು ಯಾರೂ ಹೊಗಳಲಿಲ್ಲ. ಸ್ಥಳಾಂತರವು ತಾನಾಗಿಯೇ ಬೆಳವಣಿಗೆಯನ್ನು ಕೊಡುವುದಾದರೆ ಆ ಬಾಲಿಕೆಯರೆಲ್ಲರೂ ನಾಡಿನ ಪ್ರಾಜ್ಞರೆನಿಸಿಕೊಳ್ಳಬೇಕಾಗಿತ್ತು. ಹಾಗಾಗಲಿಲ್ಲವೆಂದಮೇಲೆ ಬೆಳವಣಿಗೆಯ ಬೀಜವು ಸ್ಥಳಾಂತರದಲ್ಲಿಲ್ಲ, ಬೇರೆಲ್ಲಿಯೋ ಇದೆಯೆಂದು ಒಪ್ಪಬೇಕಾಗುತ್ತದೆ.

ಅದು ಎಲ್ಲಿದೆ? ಈ ಸೀಮೆಯ ಹಳೆಯ ಪದ್ಧತಿಗಳನ್ನೇ ಹೋಲಿಸಿ ನೋಡಿದರೆ ಉತ್ತರವು ಹೊಳೆಯುತ್ತದೆ. ಬಡ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಹಿಂದೆ ವಾರಾನ್ನವೆಂಬ ಏರ್ಪಾಡು ಇದ್ದಿತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಅದು ನಿಜವಾಗಿಯೂ ದೊಡ್ಡ ಉಪಕಾರವು. ಅದಿಲ್ಲದಿದ್ದರೆ ಎಷ್ಟೋ ಪಂಡಿತರು ಪಂಡಿತರಾಗುತ್ತಿರಲಿಲ್ಲ. ಆದರೂ ಏಳು ಮನೆಗಳಲ್ಲಿ ಉಂಡ ಹುಡುಗನಿಗೆ ಏಳು ಮನೆಗಳಲ್ಲಿಯೂ ಎಲೆಯ ಮುಂದೆ ಕುಳಿತು ಗೃಹಿಣಿಯ ಮುಖವನ್ನು ಓದುವ ವಿದ್ಯೆಯೊಂದು ಬಂದುಬಿಡುತ್ತಿತ್ತು. ಇನ್ನೊಂದು ಅನ್ನ ಬೇಕೆಂದು ಕೇಳಬಹುದಾದ ಮನೆ ಯಾವುದು, ಕೇಳಬಾರದ ಮನೆ ಯಾವುದು ಎಂಬುದನ್ನು ಅವನು ವ್ಯಾಕರಣಕ್ಕಿಂತ ಮೊದಲೇ ಕಲಿತನು. ಇದಕ್ಕೆ ಪ್ರತಿಯಾಗಿ ಬಂಟರು, ಮೊಗವೀರರು ಮೊದಲಾದವರಲ್ಲಿದ್ದ ಅಳಿಯಸಂತಾನದ ಕುಟುಂಬವನ್ನು ನೋಡಬೇಕು. ಅಲ್ಲಿ ತಾಯಿಯು ಗಂಡನ ಮನೆಯನ್ನು ಬಿಟ್ಟು ತವರಿಗೆ ಬಂದರೆ ಸಂಗಡ ಬಂದ ಮಕ್ಕಳೂ ಊರು ಬದಲಿಸಿದವರೇ. ಆದರೆ ಆ ಮನೆಯಲ್ಲಿ ಅವರು ಅತಿಥಿಗಳಾಗಿರಲಿಲ್ಲ. ಸೋದರಮಾವನ ಮನೆಯು ಕಾನೂನಿನಿಂದಲೇ ಅವರ ಮನೆಯಾಗಿತ್ತು. ಅಲ್ಲಿ ಇನ್ನೊಂದು ಅನ್ನ ಕೇಳುವುದಕ್ಕೆ ಮುಖವನ್ನು ಓದಬೇಕಾಗಿರಲಿಲ್ಲ. ದಯೆಯಿಂದ ದೊರೆತ ಸ್ಥಳಕ್ಕೂ ಹಕ್ಕಿನಿಂದ ದೊರೆತ ಸ್ಥಳಕ್ಕೂ ಇರುವ ಅಂತರವು ದೊಡ್ಡವರಿಗಿಂತ ಬೇಗ ಮಕ್ಕಳಿಗೆ ತಿಳಿಯುತ್ತದೆ.

ಮೂರನೆಯ ನಿದರ್ಶನವು ಯಕ್ಷಗಾನ ಮೇಳದ್ದು. ಬಡಗುತಿಟ್ಟಿನ ಹಾರಾಡಿ, ಮಟಪಾಡಿ ಶೈಲಿಗಳು ಹುಟ್ಟಿದ್ದು ಬ್ರಹ್ಮಾವರದ ಸಮೀಪದಲ್ಲಿ. ಮಂದಾರ್ತಿ, ಮಾರಣಕಟ್ಟೆಗಳ ಮೇಳಗಳು ಇಂದಿಗೂ ತಿರುಗಾಟಕ್ಕೆ ಹೊರಡುತ್ತವೆ. ಹಿಂದೆ ಈ ಮೇಳಗಳಿಗೆ ಎಳೆಯ ಹುಡುಗರು ಸೇರುತ್ತಿದ್ದರು. ಮಳೆಗಾಲವನ್ನುಳಿದು ವರ್ಷದ ಸುಮಾರು ಆರು ತಿಂಗಳು ಅವರಿಗೆ ದಿನಕ್ಕೊಂದು ಊರು. ಪ್ರತಿ ರಾತ್ರಿಯೂ ಹೊಸ ಬಯಲು, ಹೊಸ ಮುಖಗಳು. ಇಷ್ಟು ಊರುಗಳನ್ನು ಬದಲಿಸುವ ಮಗುವಿನ ಮನಸ್ಸು ಚೆದರಿಹೋಗಬೇಕಲ್ಲವೇ? ಹಾಗೆ ಆಗದಿದ್ದುದಕ್ಕೆ ಕಾರಣವು ಚೌಕಿ. ಊರು ನಿತ್ಯವೂ ಬದಲಾದರೂ ಚೌಕಿಯು ಬದಲಾಗದು. ಅದೇ ಗಣಪತಿಯ ಪೂಜೆ, ಅದೇ ಭಾಗವತರು, ಬಣ್ಣಕ್ಕೆ ಕುಳಿತುಕೊಳ್ಳುವ ಅದೇ ಜಾಗ. ಕೋಡಂಗಿಯಾಗಿ ಕುಣಿದವನು ಬಾಲಗೋಪಾಲನಾಗಬೇಕು, ಅನಂತರ ಸ್ತ್ರೀವೇಷ, ಮುಂದೆ ಪುರುಷವೇಷ. ಏರಬೇಕಾದ ಮೆಟ್ಟಿಲುಗಳು ಅವನ ಕಣ್ಣೆದುರಿನಲ್ಲಿಯೇ ಇದ್ದುವು. ಆ ಬಾಳಿನಲ್ಲಿ ನಿದ್ದೆಗೇಡು, ಹಸಿವು, ಬೈಗಳು ಇರಲಿಲ್ಲವೆಂದಲ್ಲ. ಆದರೆ ತಾನು ಯಾರು, ನಾಳೆ ಏನಾಗಬಹುದು ಎಂಬೆರಡು ಪ್ರಶ್ನೆಗಳಿಗೆ ಆ ಹುಡುಗನ ಬಳಿ ಉತ್ತರವಿತ್ತು. ಊರು ಬದಲಿಸಿದ ಮಗುವಿಗೆ ಬೇಕಾದುದು ಇಷ್ಟೇ: ಬದಲಾಗದೆ ಸಂಗಡ ಬರುವ ಒಂದು ವಸ್ತು, ಹೋದಲ್ಲಿ ತನ್ನದೆನ್ನಬಹುದಾದ ಒಂದು ಜಾಗ, ಮತ್ತು ತನ್ನ ಕ್ಷೇಮವನ್ನು ವಿಚಾರಿಸುವ ಒಬ್ಬ ಮನುಷ್ಯ.

ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯು ೧೯೪೧ರಲ್ಲಿ ಹೊರಬಂದಿತು. ಕೋಟದ ಬಳಿಯ ಕೋಡಿಯೆಂಬ ಕಡಲತಡಿಯ ಮೂರು ತಲೆಮಾರುಗಳ ಕಥೆಯಾದ ಅದರಲ್ಲಿ ಈ ತತ್ತ್ವವು ತಂದೆಮಕ್ಕಳಿಬ್ಬರ ಬಾಳಿನಲ್ಲಿ ಪ್ರತ್ಯಕ್ಷವಾಗಿದೆ. ರಾಮ ಐತಾಳರ ಮಗ ಲಚ್ಚನು ಇಂಗ್ಲಿಷು ವಿದ್ಯೆಗಾಗಿ ಮನೆ ಬಿಟ್ಟನು. ಅವನಿಗೆ ಹಣದ ಕೊರತೆ ಇರಲಿಲ್ಲ. ತಂದೆಯ ಆಶೆಯ ಕೊರತೆಯೂ ಇರಲಿಲ್ಲ. ಆದರೂ ಅವನು ಕೆಟ್ಟನು, ಮನೆಯನ್ನೂ ಕೆಡಿಸಿದನು. ಅವನ ಮಗ ರಾಮನೂ ಓದಿಗಾಗಿ ಊರು ಬಿಟ್ಟವನೇ; ಮದರಾಸು, ಸೆರೆಮನೆ, ಮುಂಬಯಿಯ ನಿರುದ್ಯೋಗ ಇವೆಲ್ಲವನ್ನೂ ಕಂಡು, ಕೊನೆಗೆ ಕೋಡಿಯ ಮಣ್ಣಿಗೆ ಮರಳಿ ಅಲ್ಲಿಯೇ ಬಾಳನ್ನು ಕಟ್ಟಲು ತೊಡಗಿದನು. ಇಬ್ಬರಲ್ಲಿ ಹೆಚ್ಚು ದೂರ ಹೋದವನು ರಾಮ, ಹೆಚ್ಚು ಕಷ್ಟಪಟ್ಟವನೂ ರಾಮ. ಆದರೆ ತಾಯಿ ನಾಗವೇಣಿಯು ಯಾವ ನೋವನ್ನು ನುಂಗಿ ತನ್ನನ್ನು ಬೆಳೆಸಿದಳೆಂಬ ಅರಿವು ಎಲ್ಲಿ ಹೋದರೂ ಅವನ ಸಂಗಡವಿತ್ತು. ಲಚ್ಚನ ಸಂಗಡ ಹೋದುದು ಹಣ ಮಾತ್ರ.

ಇಲ್ಲಿ ಒಂದು ಆಕ್ಷೇಪಣೆಯು ಬರಬಹುದು. ‘ಕಷ್ಟವೇ ಗುರು, ಮಕ್ಕಳನ್ನು ಹೂವಿನಂತೆ ಇಟ್ಟರೆ ಗಟ್ಟಿಯಾಗುವುದೆಂತು? ಭತ್ತದ ಅಗೆಯನ್ನು ಕಿತ್ತು ನೆಟ್ಟರಲ್ಲವೇ ತೆನೆ ತುಂಬುವುದು?’ ಎಂದು ಕೇಳುವವರುಂಟು. ಹೋಲಿಕೆಯು ಒಳ್ಳೆಯದೇ, ಆದರೆ ಅದನ್ನು ಹೇಳುವವರು ಗದ್ದೆಯ ಕೆಲಸವನ್ನು ಅರ್ಧ ಮಾತ್ರ ನೋಡಿದವರು. ಅಗೆಯನ್ನು ಯಾವ ಒಕ್ಕಲಿಗನೂ ಎಂದೆಂದರೆ ಅಂದು ಕೀಳುವುದಿಲ್ಲ. ಮೂರು ನಾಲ್ಕು ವಾರಗಳ ಹದ ನೋಡಿ ಕೀಳುತ್ತಾನೆ. ಬೇರು ಹರಿಯದಂತೆ ನೀರು ಕಟ್ಟಿ ನೆಲವನ್ನು ಮೆತ್ತಗೆ ಮಾಡಿರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಅಗೆಯನ್ನು ಕೀಳುವುದಕ್ಕೆ ಮೊದಲೇ ನೆಡುವ ಗದ್ದೆಯನ್ನು ಉತ್ತು, ಸೊಪ್ಪು ಗೊಬ್ಬರ ಹಾಕಿ, ಹದಮಾಡಿರುತ್ತಾನೆ. ಗದ್ದೆಯನ್ನು ಹದಮಾಡುವುದು ಅಗೆಯ ಕೆಲಸವಲ್ಲ. ಕಿತ್ತ ಅಗೆಯನ್ನು ಒಣಗಿದ ಅಂಚಿನ ಮೇಲೆಸೆದು, ‘ಬಲವಿದ್ದರೆ ಬೇರೂರಲಿ’ ಎನ್ನುವವನನ್ನು ಊರಿನವರು ಒಕ್ಕಲಿಗನೆಂದು ಕರೆಯಲಾರರು. ಕಷ್ಟವು ಗುರುವಾಗುವುದು, ಅದರ ಅರ್ಥವನ್ನು ಹೇಳಿಕೊಡುವ ಇನ್ನೊಬ್ಬ ಗುರುವು ಪಕ್ಕದಲ್ಲಿದ್ದಾಗ. ಇಲ್ಲವಾದರೆ ಕಷ್ಟವು ಕಲಿಸುವುದು ಮುಖಗಳನ್ನು ಓದುವ ವಿದ್ಯೆಯನ್ನು ಮಾತ್ರ.

ಆದುದರಿಂದ ಪರಸ್ಥಳದ ಬಾಲ್ಯವನ್ನು ಕುರಿತ ನೈತಿಕ ಪ್ರಶ್ನೆಯು ಮಗುವಿಗೆ ಕೇಳತಕ್ಕದ್ದಲ್ಲ. ‘ಹೊಂದಿಕೊಳ್ಳಬೇಕು’ ಎಂಬ ಉಪದೇಶವನ್ನು ಮಗುವಿಗೆ ಕೊಡುವುದು ಬಹಳ ಸುಲಭ. ಅದರ ಹೊಣೆಯು ಇಬ್ಬರ ಮೇಲಿದೆ: ಕಳುಹಿಸುವವರು ಹದವನ್ನು ನೋಡಬೇಕು, ಬರಮಾಡಿಕೊಳ್ಳುವವರು ಗದ್ದೆಯನ್ನು ಸಿದ್ಧಮಾಡಬೇಕು. ಉಡುಪಿಯಲ್ಲಿ ೧೯೦೬ರಲ್ಲಿಯೂ ೧೯೨೫ರಲ್ಲಿಯೂ ಹುಟ್ಟಿ, ೨೦೨೦ರಲ್ಲಿ ಬೇರೆ ಬ್ಯಾಂಕುಗಳೊಡನೆ ವಿಲೀನವಾದ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ನೌಕರರು ವರ್ಗಾವಣೆಯಿಂದ ವರ್ಗಾವಣೆಗೆ ತಮ್ಮ ಮಕ್ಕಳನ್ನು ಭಾರತದ ಮೂಲೆಮೂಲೆಗಳ ಶಾಲೆಗಳಿಗೆ ಸೇರಿಸಿದರು. ಆ ಮಕ್ಕಳಲ್ಲಿ ನಾಲ್ಕು ಭಾಷೆಗಳನ್ನು ಕಲಿತವರಿದ್ದಾರೆ. ಯಾವ ಊರೂ ತಮ್ಮದಲ್ಲವೆಂದು ಕೊರಗಿದವರೂ ಇದ್ದಾರೆ. ಅವರೆಲ್ಲರೂ ಹೊಸ ತರಗತಿಯ ಬಾಗಿಲಲ್ಲಿ ನಿಂತಾಗ ಬಯಸಿದ್ದು ಒಂದನ್ನೇ: ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಕೊಡುವ ಒಬ್ಬ ಸಂಗಾತಿಯನ್ನು.

ಈಗ ಆ ಬಾಗಿಲು ಈ ಸೀಮೆಯಲ್ಲಿಯೇ ಇದೆ. ಇಷ್ಟು ಕಾಲ ಮಕ್ಕಳನ್ನು ಹೊರಗೆ ಕಳುಹಿಸಿದ ಕರಾವಳಿಯು ಇಂದು ಹೊರಗಿನ ಮಕ್ಕಳನ್ನು ಬರಮಾಡಿಕೊಳ್ಳುತ್ತಿದೆ. ಕಟ್ಟಡದ ಕೆಲಸ, ರಸ್ತೆಯ ಕೆಲಸ, ಮೀನುಗಾರಿಕೆಯ ಬಂದರುಗಳ ಕೆಲಸಗಳಿಗಾಗಿ ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದಲೂ, ಇನ್ನೂ ದೂರದ ರಾಜ್ಯಗಳಿಂದಲೂ ಸಂಸಾರಗಳು ಬಂದಿವೆ. ಅವರ ಮಕ್ಕಳು ಇಲ್ಲಿಯ ಶಾಲೆಗಳ ಬೆಂಚಿನ ತುದಿಯಲ್ಲಿ ಕುಳಿತಿದ್ದಾರೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಇಂತಹ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದೂ, ಹಿಂದಿನ ಶಾಲೆಯ ವರ್ಗಾವಣೆಪತ್ರವು ತಡವಾಯಿತೆಂಬ ನೆವದಿಂದ ಪ್ರವೇಶವನ್ನು ನಿರಾಕರಿಸಕೂಡದೆಂದೂ ವಿಧಿಸಿದೆ. ಕಾಯಿದೆಯು ಮಾಡಬಹುದಾದುದು ಇಷ್ಟೇ. ಅದು ಬಾಗಿಲನ್ನು ತೆರೆಯಿಸಬಲ್ಲುದು. ಒಳಗೆ ಬಂದ ಮಗುವು ಉತ್ತರದ ಧಾಟಿಯಲ್ಲಿ, ಮಾತಿಗೊಮ್ಮೆ ‘ರೀ’ ಎಂದು ಸೇರಿಸಿ ಉತ್ತರ ಹೇಳಿದಾಗ ತರಗತಿಯಲ್ಲಿ ನಗೆಯೆದ್ದರೆ ಅದನ್ನು ಯಾವ ಕಾಯಿದೆಯೂ ತಡೆಯಲಾರದು. ಅದನ್ನು ತಡೆಯಬಲ್ಲವರು ಮನೆಯ ಹಿರಿಯರು; ‘ಹೋಪುದು’ ಎಂದುದಕ್ಕಾಗಿ ಹಿಂದೊಮ್ಮೆ ಪರವೂರಿನಲ್ಲಿ ನಗೆಗೀಡಾಗಿ, ಆ ನಗೆಯನ್ನು ಇನ್ನೂ ಮರೆಯದಿರುವವರು. ಅವರು ತಮ್ಮ ಮೊಮ್ಮಕ್ಕಳನ್ನು ಕರೆದು ಕುಳ್ಳಿರಿಸಿಕೊಂಡು ಆ ಹಳೆಯ ಸಂಗತಿಯನ್ನು ಒಮ್ಮೆ ಹೇಳಿದರೆ ಸಾಕು. ಮರುದಿನ ತರಗತಿಯಲ್ಲಿ ಯಾರಾದರೊಬ್ಬರು ಸ್ವಲ್ಪ ಸರಿದು ಕುಳಿತುಕೊಳ್ಳುವರು.